ಮೊದಲು ಉಸಿರು ಬಿಡುವುದನ್ನು ಕಲಿಯಿರಿ

ಕಳೆದ ಭಾನುವಾರ ಗಾಂಧಿಬಜಾರಿನಲ್ಲಿ ಅವರೆಕಾಯಿ ಆರಿಸುತ್ತ ಕುಳಿತಿದ್ದೆ. ಪಕ್ಕದಲ್ಲಿ ಬಂದು ನಿಂತ ತಾಯಿಯೊಬ್ಬರು, "ಮೇಷ್ಟ್ರೇ, ನಮ್ಮ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಯೋಗದ ಕ್ಲಾಸಿಗೆ ಹಾಕಿದರೆ ಜ್ಞಾಪಕಶಕ್ತಿ ಜಾಸ್ತಿಯಾಗುತ್ತಂತೆ, ಹಾಕಲಾ?" ಎಂದು ಕೇಳಿದರು. "ಹಾಕಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. "ಮುಂದಿನ ವಾರ ಬರೆದು ಹೇಳುತ್ತೇನೆ ತಾಯಿ" ಎಂದೆ. "ಹೂಂ ಅನ್ನೋದಕ್ಕೂ ಒಂದು ಪುಟ ಬರೀಬೇಕಾ?" ಎಂದು ಅವರು ನಕ್ಕರು.

ನಗುವಂಥ ಮಾತೇ. ಆದರೆ ಹಿಂದೊಮ್ಮೆ ಇದೇ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಪೆಟ್ಟು ತಿಂದವನು ನಾನು. ನಿಜ ಹೇಳಬೇಕೆಂದರೆ ಪೆಟ್ಟು ತಿಂದದ್ದು ನಾನಲ್ಲ, ನನ್ನ ತರಗತಿಯ ಒಬ್ಬ ಹುಡುಗ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಯೋಗದ ವಿಚಾರ.

2015ರ ಜೂನ್ 21. ಮೊದಲ ಅಂತರರಾಷ್ಟ್ರೀಯ ಯೋಗ ದಿನ. ವಿಶ್ವಸಂಸ್ಥೆ ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಆ ದಿನವನ್ನು ಗೊತ್ತುಮಾಡಿತ್ತು. ನಮ್ಮ ಶಾಲೆಯಲ್ಲೂ ಮಕ್ಕಳನ್ನು ಸಾಲಾಗಿ ಕೂರಿಸಿ ಆಸನ ಮಾಡಿಸಿದೆವು. ವಿಜ್ಞಾನದ ಮೇಷ್ಟ್ರು ಎಂದು ಭಾಷಣ ನನ್ನ ಪಾಲಿಗೆ ಬಂತು. ಉಸಿರಾಟದ ಅಂಗಗಳು, ಶ್ವಾಸಕೋಶ, ಪ್ರಾಣಾಯಾಮ ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಕೆಳಗಿಳಿದ ಕೂಡಲೇ ಒಬ್ಬ ತಂದೆ ಬಂದು, "ಸಾರ್, ನಮ್ಮ ಹುಡುಗನಿಗೆ ಉಬ್ಬಸ. ಯೋಗ ಮಾಡಿಸಿದರೆ ಹೋಗುತ್ತಾ?" ಎಂದು ಕೇಳಿದರು. ಚಪ್ಪಾಳೆಯ ಗುಂಗಿನಲ್ಲಿದ್ದ ನಾನು, "ಮಾಡಿಸಿ ಸ್ವಾಮಿ, ಎಲ್ಲ ಸರಿಹೋಗುತ್ತೆ" ಎಂದುಬಿಟ್ಟೆ.

ಹುಡುಗ ಯೋಗದ ತರಗತಿಗೆ ಸೇರಿದ. ದಿನವೂ ಬೆಳಗ್ಗೆ ತಪ್ಪದೆ ಹೋದ. ಎರಡು ವಾರ ಕಳೆದ ಮೇಲೆ ತಂದೆ ಅವನು ದಿನಾ ಎಳೆದುಕೊಳ್ಳುತ್ತಿದ್ದ ಔಷಧದ ಪಂಪುಗಳನ್ನು ಬೀರುವಿನೊಳಗೆ ಇಟ್ಟರು. ಮೂರು ವಾರ ಹುಡುಗ ಚೆನ್ನಾಗಿಯೇ ಇದ್ದ. ಮನೆಯವರೆಲ್ಲ ಯೋಗಕ್ಕೆ ನಮಸ್ಕಾರ ಹಾಕಿದರು. ನನಗೂ ಒಂದು ನಮಸ್ಕಾರ ಸಂದಿತು.

ಆಗಸ್ಟಿನ ಒಂದು ಜಿಟಿಜಿಟಿ ಮಳೆಯ ಬೆಳಗ್ಗೆ, ಸ್ವಾತಂತ್ರ್ಯ ದಿನದ ಕವಾಯತಿನ ಅಭ್ಯಾಸ ನಡೆದಿತ್ತು. ಹುಡುಗ ಸಾಲು ಬಿಟ್ಟು ಮೈದಾನದ ಅಂಚಿನಲ್ಲಿ ಎರಡೂ ಕೈ ಮೊಣಕಾಲಿಗೆ ಊರಿಕೊಂಡು ಬಗ್ಗಿ ನಿಂತಿದ್ದ. ಭುಜಗಳು ಕಿವಿಯ ತನಕ ಏರಿದ್ದವು. ಉಸಿರು ಬಿಡುವಾಗ ಎದೆಯಿಂದ ಸುಂಯ್ ಎಂಬ ಸದ್ದು. ತುಟಿಯ ಬಣ್ಣ ಮಾಸಿತ್ತು. "ಪಂಪು ಎಲ್ಲೋ?" ಎಂದೆ. ಒಂದೊಂದೇ ಅಕ್ಷರ ಹೊರಗೆ ಹಾಕಿ, "ಬೀರು... ವಿನಲ್ಲಿ... ಸಾರ್" ಎಂದ. ಆಟೋದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಮುಖಕ್ಕೆ ಮುಸುಕಿಟ್ಟು ಔಷಧದ ಆವಿ ಕೊಟ್ಟರು. ಗಂಟೆ ಕಳೆದ ಮೇಲೆ ಅವನ ಭುಜ ಕೆಳಗಿಳಿಯಿತು. ಆಗ ನನ್ನ ಭುಜವೂ ಇಳಿಯಿತು.

ಓಡಿಬಂದ ತಂದೆ ನನ್ನನ್ನು ಬೈಯಲಿಲ್ಲ. "ನೀವೇ ಹೇಳಿದ್ದಿರಲ್ಲ ಸಾರ್" ಎಂದರು, ಅಷ್ಟೆ. ಮೂವತ್ತು ವರ್ಷ ಹತ್ತಿರವಾದ ಮೇಷ್ಟರಿಕೆಯಲ್ಲಿ ಅದಕ್ಕಿಂತ ಕಟುವಾದ ಮಾತನ್ನು ನನಗೆ ಯಾರೂ ಹೇಳಿಲ್ಲ.

ಎಲ್ಲಿ ತಪ್ಪಿದೆವು?

ಇದರಲ್ಲಿ ಒಂದು ವಿಜ್ಞಾನದ ಪಾಠವಿದೆ. ಉಬ್ಬಸದಲ್ಲಿ ಶ್ವಾಸನಾಳದ ಸಣ್ಣ ಕವಲುಗಳ ಒಳಪೊರೆ ಊದಿಕೊಂಡಿರುತ್ತದೆ, ಅವುಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆಯೂ ಸೇರಿ ದಾರಿ ಕಿರಿದಾಗುತ್ತದೆ. ಉಸಿರು ತೆಗೆದುಕೊಳ್ಳುವಾಗ ಎದೆ ಹಿಗ್ಗಿ ನಾಳಗಳೂ ಸ್ವಲ್ಪ ಹಿಗ್ಗುತ್ತವೆ, ಬಿಡುವಾಗ ಕುಗ್ಗುತ್ತವೆ. ಹೀಗಾಗಿ ಉಬ್ಬಸದವನಿಗೆ ಉಸಿರು ಬಿಡುವುದೇ ಹೆಚ್ಚು ಕಷ್ಟ. ಹಳೆಯ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗವಿಲ್ಲ.

ವೈದ್ಯರು ಕೊಡುವ ಪಂಪುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವುದು. ಇನ್ನೊಂದು, ಊತವನ್ನು ನಿಧಾನವಾಗಿ ಇಳಿಸಿ ಇಳಿದಂತೆಯೇ ಇಟ್ಟಿರುವುದು. ಎರಡನೆಯದನ್ನು ನಿಲ್ಲಿಸಿದ ಮಾರನೆಯ ದಿನವೇ ಏನೂ ಆಗುವುದಿಲ್ಲ. ಊತ ಸದ್ದಿಲ್ಲದೆ, ಕೆಲವು ವಾರಗಳಲ್ಲಿ ಮರಳುತ್ತದೆ. ನಮ್ಮ ಹುಡುಗ ಮೂರು ವಾರ ಚೆನ್ನಾಗಿದ್ದದ್ದು ಹಿಂದೆ ತೆಗೆದುಕೊಂಡ ಔಷಧದ ಉಳಿಕೆಯಿಂದಲೂ ಇರಬಹುದು. ಅದರ ಪೂರ್ತಿ ಕೀರ್ತಿಯನ್ನು ನಾವು ಯೋಗಕ್ಕೆ ಬರೆದುಕೊಟ್ಟೆವು. ಗಡಿಗೆ ನೀರನ್ನು ಒಲೆಯಿಂದ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿಯಿರುತ್ತದೆ. ಅದಕ್ಕೆ ಗಡಿಗೆಯ ಮೇಲಿನ ತಟ್ಟೆ ಕಾರಣ ಎಂದರೆ ಹೇಗೆ?

ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವಲ್ಲ. ತರಗತಿಯಲ್ಲಿ ನೂರು ಸಲ ಹೇಳಿದ ಮಾತು, ಮೈದಾನದಲ್ಲಿ ಮರೆತಿದ್ದೆ.

ಬೆಂಗಳೂರಿನದೇ ಒಂದು ಪ್ರಯೋಗ

ಹಾಗಾದರೆ ಯೋಗದಿಂದ ಉಬ್ಬಸಕ್ಕೆ ಉಪಯೋಗವೇ ಇಲ್ಲವೆ? ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿದವರು ನಮ್ಮ ಊರಿನವರೇ ಎಂಬುದು ಸಂತೋಷದ ಸಂಗತಿ. ವೈದ್ಯೆ ಡಾ. ಆರ್. ನಾಗರತ್ನ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಡಾ. ಎಚ್.ಆರ್. ನಾಗೇಂದ್ರ ಅವರು ನಡೆಸಿದ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಗವಿಪುರದ ಏಕನಾಥ ಭವನವನ್ನೂ ಜಿಗಣಿಯ ಪ್ರಶಾಂತಿ ಕುಟೀರವನ್ನೂ ಬಲ್ಲ ಓದುಗರಿಗೆ ಈ ಹೆಸರುಗಳು ಹೊಸವಲ್ಲ.

53 ಮಂದಿ ಉಬ್ಬಸದ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ಆಮೇಲೆ ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಲು ಹೇಳಿದರು. ವಯಸ್ಸು, ಲಿಂಗ, ಕಾಯಿಲೆಯ ತೀವ್ರತೆಗಳಲ್ಲಿ ಇವರಿಗೆ ಸರಿಸಮರಾದ ಇನ್ನೂ 53 ಮಂದಿ ಎಂದಿನ ಔಷಧವನ್ನಷ್ಟೇ ಮುಂದುವರಿಸಿದರು. ಯೋಗ ಮಾಡಿದವರಲ್ಲಿ ಉಬ್ಬಸ ಬರುವ ಸಂಖ್ಯೆ ಹೆಚ್ಚು ಇಳಿಯಿತು, ಔಷಧದ ಅಗತ್ಯ ಕಡಿಮೆಯಾಯಿತು, ಜೋರಾಗಿ ಊದಿದಾಗ ಗಾಳಿ ಹೊರಬರುವ ವೇಗ ಹೆಚ್ಚಿತು.

ವಿದ್ಯಾರ್ಥಿಗಳೇ, ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಹೋಲಿಕೆಗೆ ಇನ್ನೊಂದು ಗುಂಪು ಇತ್ತು. ಅದಿಲ್ಲದಿದ್ದರೆ ಹವೆ ಬದಲಾಗಿ ಎಲ್ಲರೂ ಸುಧಾರಿಸಿದರೋ, ಯೋಗದಿಂದ ಸುಧಾರಿಸಿದರೋ ತಿಳಿಯುವುದು ಹೇಗೆ? ಎರಡನೆಯದು, ಇದರ ಮಿತಿ. ಮಾತ್ರೆಯಾದರೆ ಸಕ್ಕರೆಯ ಗುಳಿಗೆ ಕೊಟ್ಟು ಯಾರಿಗೆ ಯಾವುದೆಂದು ತಿಳಿಯದಂತೆ ಮಾಡಬಹುದು. ಯೋಗ ಮಾಡುತ್ತಿರುವವನಿಗೆ ತಾನು ಯೋಗ ಮಾಡುತ್ತಿದ್ದೇನೆಂದು ಗೊತ್ತೇ ಇರುತ್ತದೆ. ಗುರುವಿನ ಅಕ್ಕರೆ, ಜೊತೆಗಾರರ ಉತ್ಸಾಹ, ವಾಸಿಯಾಗುತ್ತದೆಂಬ ನಂಬಿಕೆ, ಇವುಗಳ ಪಾಲೆಷ್ಟು, ಆಸನದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಪ್ರಯೋಗಗಳು ನಡೆದವು. 2016ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಂಥ 15 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಯೋಗದಿಂದ ಉಬ್ಬಸದವರ ಬದುಕಿನ ಗುಣಮಟ್ಟದಲ್ಲಿ, ಲಕ್ಷಣಗಳಲ್ಲಿ ಸಣ್ಣ ಪ್ರಮಾಣದ ಸುಧಾರಣೆ ಬಹುಶಃ ಆಗುತ್ತದೆ ಎಂಬುದು ಅದರ ತೀರ್ಪು. 'ಸಣ್ಣ', 'ಬಹುಶಃ' ಎಂಬ ಎರಡು ಪದಗಳನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಓದಿ. ಔಷಧದ ಜೊತೆಗೆ ಯೋಗ. ಔಷಧದ ಬದಲಿಗೆ ಅಲ್ಲ. ಆ ತಂದೆಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ.

ನಮ್ಮ ನೆಲದ ನಂಟು

ಯೋಗ ಎಂದರೆ ಹಿಮಾಲಯದ ಗುಹೆಯೇ ಅನೇಕರಿಗೆ ನೆನಪಾಗುತ್ತದೆ. ಇಂದು ಲೋಕದ ತುಂಬ ಕಲಿಸುವ ಆಸನಗಳ ಬಹುಭಾಗ ಹರಿದು ಹೋದದ್ದು ಮೈಸೂರಿನಿಂದ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಿಂದ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅವರ 'ಯೋಗಮಕರಂದ' 1934ರಲ್ಲಿ ಪ್ರಕಟವಾಯಿತು, 'ಯೋಗಾಸನಗಳು' 1941ರಲ್ಲಿ. ಎರಡೂ ಕನ್ನಡ ಪುಸ್ತಕಗಳು.

ಅಲ್ಲಿ ಕಲಿತವರಲ್ಲಿ ಒಬ್ಬರು ಬಿ.ಕೆ.ಎಸ್. ಅಯ್ಯಂಗಾರ್. ಆ 'ಬಿ' ಎಂದರೆ ಕೋಲಾರ ಜಿಲ್ಲೆಯ ಬೆಳ್ಳೂರು. 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆನ್ಜಾ ಊರೂರನ್ನೇ ಬಾಚಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ ಕೂಸು. ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಬಡಕಲು ಹುಡುಗ. ಅಕ್ಕನ ಗಂಡ ಕೃಷ್ಣಮಾಚಾರ್ಯರ ಬಳಿಗೆ 1934ರಲ್ಲಿ ಬಂದರು. 1937ರಲ್ಲಿ ಪುಣೆಗೆ ಹೋಗಿ ನೆಲೆಸಿದರು. 1966ರಲ್ಲಿ ಬಂದ 'ಲೈಟ್ ಆನ್ ಯೋಗ' ಅವರನ್ನು ಜಗತ್ತಿಗೆ ಪರಿಚಯಿಸಿತು. 2014ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬ ಶಿಷ್ಯ ಹಾಸನದ ಕಡೆಯ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು ಕಲಿಸಿದರು. ಅವರನ್ನು ಹುಡುಕಿಕೊಂಡು ಹೊರದೇಶದವರು ಮೈಸೂರಿಗೆ ಬಂದರು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ಯೋಗಾಚಾರ್ಯ ಸುಂದರಂ ಅವರು 1928ರಷ್ಟು ಹಿಂದೆಯೇ ಛಾಯಾಚಿತ್ರಗಳ ಸಮೇತ ಆಸನಗಳ ಇಂಗ್ಲಿಷ್ ಪುಸ್ತಕವನ್ನು ಇಲ್ಲಿಂದ ಹೊರತಂದರು. ಅವರ ಒಡನಾಡಿ ಕೆ.ವಿ. ಅಯ್ಯರ್, 'ಶಾಂತಲಾ' ಕಾದಂಬರಿ ಬರೆದ ಅದೇ ಅಯ್ಯರ್, ಕೈಲಾಸಂ ಅವರ ಗೆಳೆಯ. ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಹಳೆಯ ಬೆಂಗಳೂರಿಗರಿಗೆಲ್ಲ ಗೊತ್ತು. ಸೂರ್ಯನಮಸ್ಕಾರದ ಮೇಲೆ ಅಯ್ಯರ್ 1937ರಲ್ಲಿ ಒಂದು ಪುಸ್ತಕ ಬರೆದರು.

ಈ ಚರಿತ್ರೆಯನ್ನು ಹೆಮ್ಮೆಗಷ್ಟೇ ಹೇಳುತ್ತಿಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಬರೀ ಮೂರು ಸೂತ್ರ. ಕುಳಿತ ಭಂಗಿ ಅಲುಗದಂತೆ ಇರಬೇಕು, ಹಿತವಾಗಿಯೂ ಇರಬೇಕು ಎಂಬುದು ಅದರ ಸಾರ. ಹದಿನೈದನೆಯ ಶತಮಾನದ 'ಹಠಯೋಗ ಪ್ರದೀಪಿಕಾ' ವಿವರಿಸುವ ಆಸನಗಳು ಹದಿನೈದು. ಇಂದಿನ ಪುಸ್ತಕಗಳಲ್ಲಿ ನೂರಾರು. ಅಂದರೆ ಯೋಗ ಕಲ್ಲಿನಲ್ಲಿ ಕೆತ್ತಿಟ್ಟದ್ದಲ್ಲ; ಕಾಲಕಾಲಕ್ಕೆ ಪರೀಕ್ಷಿಸಿ, ಕೂಡಿಸಿ, ಕಳೆದು ಬೆಳೆಸಿದ್ದು. ನಾವೂ ಪ್ರಶ್ನೆ ಕೇಳಬಹುದು. ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಬಸವನಗುಡಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಯಾರೂ ಅಂಜಬೇಕಾಗಿಲ್ಲ.

ಉಸಿರಿನ ಲೆಕ್ಕ

ಪೆನ್ಸಿಲು ತೆಗೆದುಕೊಳ್ಳಿ. ಸುಮ್ಮನೆ ಕುಳಿತಿರುವ ದೊಡ್ಡವರೊಬ್ಬರು ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆಳೆಯುತ್ತಾರೆ. ಇದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೇ ಹಿಂದಕ್ಕೆ ಬರುತ್ತದೆ. ರಕ್ತದ ಜೊತೆ ವಿನಿಮಯ ನಡೆಯುವ ಗಾಳಿಗೂಡುಗಳನ್ನು ತಲುಪುವುದು 350.

ನಿಮಿಷಕ್ಕೆ 16 ಉಸಿರಾದರೆ ಒಟ್ಟು ಗಾಳಿ 8,000 ಮಿ.ಲೀ. ಗೂಡು ತಲುಪಿದ್ದು 16 ಗುಣಿಸು 350, ಅಂದರೆ 5,600. ಈಗ ನಿಮಿಷಕ್ಕೆ ಎಂಟೇ ಉಸಿರು, ಆದರೆ ಒಂದೊಂದೂ 1,000 ಮಿ.ಲೀ. ಎಂದಿಟ್ಟುಕೊಳ್ಳಿ. ಒಟ್ಟು ಗಾಳಿ ಅದೇ 8,000. ಗೂಡು ತಲುಪಿದ್ದು 8 ಗುಣಿಸು 850, ಅಂದರೆ 6,800. ಅಷ್ಟೇ ಗಾಳಿಯಲ್ಲಿ 1,200 ಮಿ.ಲೀ. ಹೆಚ್ಚು ಕೆಲಸಕ್ಕೆ ಬಂತು. ನಿಧಾನವಾದ, ಆಳವಾದ ಉಸಿರು ಜಾಣ ಉಸಿರು ಎನ್ನುವುದು ಇದಕ್ಕೆ.

"ಹಾಗಾದರೆ ಮೆದುಳಿಗೆ ಹೆಚ್ಚು ಆಮ್ಲಜನಕ ಹೋಗಿ ಬುದ್ಧಿ ಚುರುಕಾಗುತ್ತದೆ!" ಎಂದು ಹಾರಬೇಡಿ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಹೊರುವ ಹೀಮೊಗ್ಲೋಬಿನ್ ಸುಮ್ಮನೆ ಕುಳಿತಾಗಲೇ ನೂರಕ್ಕೆ 95ಕ್ಕಿಂತ ಹೆಚ್ಚು ತುಂಬಿರುತ್ತದೆ. ಬಸ್ಸು ತುಂಬಿದ ಮೇಲೆ ಸ್ಟಾಪಿನಲ್ಲಿ ಎಷ್ಟು ಜನ ನಿಂತಿದ್ದರೇನು? ಲಾಭ ಬೇರೆ ಕಡೆ ಇದೆ. ಅದನ್ನು ನೀವೇ ಕಂಡುಕೊಳ್ಳಬಹುದು.

ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ನೇರಕ್ಕೆ ಇಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರು ಒಳಗೆಳೆಯಿರಿ. ಇನ್ನೂ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ನಿಮ್ಮ ವಯಸ್ಸಿನವರಲ್ಲಿ ಇದು ಸ್ಪಷ್ಟ. ನಿಮ್ಮ ಅಪ್ಪನ ಕೈಯಲ್ಲಿ ಅಷ್ಟು ಸುಲಭವಾಗಿ ಸಿಗದು. ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ಕಡಿವಾಣದಂತೆ. ಉಸಿರು ಬಿಡುವಾಗ ಆ ಕಡಿವಾಣ ಬಿಗಿಯಾಗುತ್ತದೆ. ಹೃದಯಕ್ಕೆ "ನಿಧಾನ" ಎಂದು ನೇರವಾಗಿ ಹೇಳಿದರೆ ಅದು ಕೇಳುವುದಿಲ್ಲ. ಉಸಿರಿನ ಮೂಲಕ ಹೇಳಿದರೆ ಕೇಳುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಡವಗುಟ್ಟುವ ಮಕ್ಕಳಿಗೆ ಇದಕ್ಕಿಂತ ಅಗ್ಗದ ಸಹಾಯ ಇನ್ನೊಂದಿಲ್ಲ.

ಆದ್ದರಿಂದಲೇ ಹೊಸಬರಿಗೆ ನಾನು ಹೇಳುವುದು: ಮೊದಲು ಉಸಿರು ಬಿಡುವುದನ್ನು ಕಲಿಯಿರಿ. ಬೆನ್ನು ನೆಟ್ಟಗೆ ಮಾಡಿ ಕುಳಿತು ಮನಸ್ಸಿನಲ್ಲೇ ಮೂರು ಎಣಿಸುತ್ತ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಹೊಟ್ಟೆಯ ಮೇಲೆ ಒಂದು ಅಂಗೈ ಇರಲಿ. ಎಳೆಯುವಾಗ ಕೈ ಮುಂದೆ ಬರಬೇಕು, ಏಕೆಂದರೆ ವಪೆ ಕೆಳಗಿಳಿದು ಹೊಟ್ಟೆಯನ್ನು ತಳ್ಳುತ್ತದೆ. ಅನೇಕರಲ್ಲಿ ಭುಜ ಏರುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ; ಅದು ತಿರುಗುಮುರುಗು. ಉಸಿರು ಹಿಡಿದು ನಿಲ್ಲಿಸುವ ಕುಂಭಕ ಈಗ ಬೇಡ. ಭಸ್ತ್ರಿಕೆ, ಕಪಾಲಭಾತಿಯಂಥ ವೇಗದ ಉಸಿರಾಟವೂ ಪುಸ್ತಕ ನೋಡಿ, ಮೊಬೈಲು ನೋಡಿ ಬೇಡ. ಅಳತೆ ಮೀರಿ ರಭಸದಿಂದ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ತೀರ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಅದನ್ನು ಕುಂಡಲಿನಿ ಎಂದುಕೊಂಡವರೂ ಇದ್ದಾರೆ!

ಇಪ್ಪತ್ತು ನಿಮಿಷದ ಪಾಠ

ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾಡುವುದು ಒಳ್ಳೆಯದು. ಸಂಜೆಯಾದರೆ ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಲಿ. ಬೇಕಾದ ಸಾಮಾನು ಒಂದು ಜಮಖಾನ. ಜಾರುವಂತಿದ್ದರೆ ನಿಂತು ಮಾಡುವ ಆಸನಗಳನ್ನು ಬರಿ ನೆಲದ ಮೇಲೆ ಮಾಡಿ.

ಮೊದಲು ತಾಡಾಸನ. ಎರಡು ಪಾದಗಳ ಮೇಲೂ ಸಮ ಭಾರ ಹಾಕಿ ನಿಂತು, ಬೆರಳು ಹೆಣೆದು, ಅಂಗೈಗಳನ್ನು ಸೂರಿನ ಕಡೆ ತಿರುಗಿಸಿ ಕೈ ಮೇಲೆತ್ತಿ. ಐದು ಉಸಿರು. ಪುಸ್ತಕದ ಚೀಲ ಹೊತ್ತು ಬಗ್ಗಿದ ಬೆನ್ನಿಗೆ ಇದು ಮದ್ದು.

ಎರಡನೆಯದು ಅರ್ಧಕಟಿ ಚಕ್ರಾಸನ. ಬಲಗೈ ಮೇಲೆತ್ತಿ ಎಡಕ್ಕೆ ಬಾಗಿ. ಮುಂದಕ್ಕೂ ಹಿಂದಕ್ಕೂ ವಾಲದೆ ನೇರ ಪಕ್ಕಕ್ಕೆ. ಆಮೇಲೆ ಇನ್ನೊಂದು ಕಡೆ.

ಮೂರನೆಯದು ವೃಕ್ಷಾಸನ. ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ತೊಡೆಯ ಒಳಬದಿಗೆ ಒತ್ತಿ. ಎಟುಕದಿದ್ದರೆ ಮೀನಖಂಡಕ್ಕೆ ಒತ್ತಿ. ಮೊಣಕಾಲಿನ ಮೇಲೆ ಮಾತ್ರ ಒತ್ತಬಾರದು. ಸ್ಥಿರವಾದ ಮೇಲೆ ಗೋಡೆಯ ಪಕ್ಕ ನಿಂತು ಒಂದು ಸಲ ಕಣ್ಣು ಮುಚ್ಚಿ ನೋಡಿ. ಕೂಡಲೇ ಓಲಾಡುತ್ತೀರಿ. ಒಳಕಿವಿ, ಕಣ್ಣು, ಕೀಲು-ಸ್ನಾಯುಗಳಿಂದ ಬರುವ ಸುದ್ದಿ, ಈ ಮೂರರಿಂದ ಸಮತೋಲ. ಒಂದನ್ನು ಕಿತ್ತುಕೊಂಡರೆ ಏನಾಗುತ್ತದೆಂದು ನಿಮಗೇ ತಿಳಿಯುತ್ತದೆ.

ನಾಲ್ಕನೆಯದು ವಜ್ರಾಸನ, ಅದರಿಂದ ಮುಂದಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ತರುವ ಶಶಾಂಕಾಸನ. ಐದನೆಯದು ಭುಜಂಗಾಸನ. ಬೋರಲು ಮಲಗಿ, ಅಂಗೈ ಎದೆಯ ಪಕ್ಕ ಊರಿ, ಬೆನ್ನಿನ ಬಲದಿಂದ ಎದೆ ಎತ್ತಿ. ಹೊಕ್ಕುಳು ನೆಲ ಬಿಡಬಾರದು, ಮೊಣಕೈ ಸ್ವಲ್ಪ ಮಡಿದಿರಲಿ. ಆಮೇಲೆ ಆಗಲೇ ಹೇಳಿದ ಮೂರು-ಆರರ ಉಸಿರು ಐದು ನಿಮಿಷ. ಕೊನೆಗೆ ಶವಾಸನ ಐದು ನಿಮಿಷ. ಅಷ್ಟು ಹೊತ್ತು ಸುಮ್ಮನೆ ಮಲಗುವುದು ಎಲ್ಲಕ್ಕಿಂತ ಕಷ್ಟವೆಂದು ಮಾಡಿದವರು ಬಲ್ಲರು.

ಎಲ್ಲ ಆಸನಕ್ಕೂ ಒಂದೇ ನಿಯಮ: ಎಳೆದಾಡಬೇಡಿ, ಜಗ್ಗಬೇಡಿ. ಸ್ನಾಯುವಿನೊಳಗೆ ಹಿಗ್ಗುವಿಕೆಯನ್ನು ಅಳೆಯುವ ಸಣ್ಣ ಕಾವಲುಗಾರರಿದ್ದಾರೆ. ಥಟ್ಟನೆ ಜಗ್ಗಿದರೆ ಹರಿದೀತೆಂದು ಅವರು ಸ್ನಾಯುವನ್ನು ಬಿಗಿ ಮಾಡಿಸುತ್ತಾರೆ. ನಿಧಾನವಾಗಿ ಹೋಗಿ ಇಪ್ಪತ್ತು ಮೂವತ್ತು ಸೆಕೆಂಡು ನಿಂತರೆ ಬಿಗಿ ಸಡಿಲುತ್ತದೆ. ಪದ್ಮಾಸನ ಬರದವರು ಕೊರಗಬೇಕಾಗಿಲ್ಲ. ಸೊಂಟದ ಕೀಲು ಗುಳಿಯೊಳಗಿನ ಚೆಂಡಿನಂತೆ, ಎಲ್ಲ ಕಡೆಗೂ ತಿರುಗುತ್ತದೆ. ಮೊಣಕಾಲು ಬಾಗಿಲ ಬಿಜಾಗರಿಯಂತೆ. ಸೊಂಟ ತಿರುಗದೆ ಪಾದವನ್ನು ಬಲವಂತವಾಗಿ ತೊಡೆಯ ಮೇಲೇರಿಸಿದರೆ ಆ ತಿರುಚು ಬಿಜಾಗರಿಯ ಮೇಲೆ ಬೀಳುತ್ತದೆ. ಚಕ್ಕಂಬಟ್ಟಲೆ ಸಾಕು.

ಶೀರ್ಷಾಸನ? ಹೊಸಬರಿಗೆ ಬೇಡ. ಕುತ್ತಿಗೆಯ ಮೂಳೆಗಳು ತಲೆಯ ಭಾರ ಹೊರಲೆಂದು ಇರುವಂಥವು, ಮೈಯ ಭಾರವನ್ನಲ್ಲ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುವುದನ್ನೂ ಅಳೆದು ನೋಡಿದ್ದಾರೆ. ಗ್ಲಾಕೋಮ ಇರುವವರು ಅದರ ತಂಟೆಗೇ ಹೋಗಬಾರದು. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಬೆನ್ನುನೋವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವ ಅಧಿಕಾರ ಯೋಗದ ಮೇಷ್ಟರಿಗೂ ಇಲ್ಲ, ವಿಜ್ಞಾನದ ಮೇಷ್ಟರಿಗಂತೂ ಇಲ್ಲವೇ ಇಲ್ಲ.

ತಾಯಂದಿರಿಗೆ, ತಂದೆಯರಿಗೆ

ಇನ್ನು ಅವರೆಕಾಯಿಯ ಪಕ್ಕದ ಪ್ರಶ್ನೆಗೆ ಬರೋಣ. ಯೋಗದಿಂದ ಅಂಕ ಹೆಚ್ಚುತ್ತದೆಂದು ನಾನು ಹೇಳಲಾರೆ. ಓದದೆ ಇದ್ದ ಪಾಠ ಯಾವ ಆಸನದಲ್ಲೂ ನೆನಪಿಗೆ ಬಾರದು. ಆದರೆ ಓದಿದ್ದು ಹೆದರಿಕೆಯಲ್ಲಿ ಮರೆತುಹೋಗುವುದುಂಟು. ಹೆದರಿಕೆ ತುಸು ಇಳಿದರೆ, ರಾತ್ರಿ ಚೆನ್ನಾಗಿ ನಿದ್ದೆ ಬಂದರೆ ಓದಿದ್ದು ಉಳಿಯುತ್ತದೆ. ಆ ಮಟ್ಟಿಗೆ ಯೋಗ ಸಹಾಯಕ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ನಿದ್ದೆ ಕಿತ್ತುಕೊಂಡು ಯೋಗ ಮಾಡಿಸಿದರೆ ಬಂದ ಲಾಭವನ್ನು ಬಂದ ದಾರಿಯಲ್ಲೇ ಕಳಿಸಿದಂತೆ. ಕ್ಲಾಸಿಗೆ ಹಾಕುವುದೂ ಒಳ್ಳೆಯದೇ, ತಪ್ಪು ತಿದ್ದುವವರು ಎದುರಿಗಿರಬೇಕು. ಆದರೆ ಮಗಳ ದಿನಚರಿಗೆ ಇದನ್ನು ಇನ್ನೊಂದು ಟ್ಯೂಷನ್ ಮಾಡಬೇಡಿ. ನೀವೂ ಪಕ್ಕದಲ್ಲಿ ಒಂದು ಜಮಖಾನ ಹಾಸಿಕೊಳ್ಳಿ. ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚು.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ನರ್ಸಿಂಗ್ ಹೋಮಿನಿಂದ ಬಂದ ಮರುವಾರ ನಾನು ಅವರ ಮನೆಗೆ ಹೋಗಿ ತಂದೆಯ ಬಳಿ, "ನಾನು ಅರ್ಧ ಮಾತು ಹೇಳಿದ್ದೆ, ತಪ್ಪಾಯಿತು" ಎಂದೆ. ಹುಡುಗನ ತಾಯಿ ಕಾಫಿ ಕೊಟ್ಟರು. ವೈದ್ಯರು ಪಂಪುಗಳನ್ನು ಮತ್ತೆ ಆರಂಭಿಸಿದರು. ಯೋಗ ಬಿಡಬೇಡ, ಮುಂದುವರಿಸು ಎಂದೂ ಹೇಳಿದರು. ಹುಡುಗ ಎರಡನ್ನೂ ಮಾಡಿದ. ಹತ್ತನೆಯ ತರಗತಿ ಮುಗಿಯುವವರೆಗೆ ಅವನ ಅಂಗಿಯ ಜೇಬಿನಲ್ಲಿ ಆ ನೀಲಿ ಪಂಪು ಇಣುಕುತ್ತಿತ್ತು. ಈಚೆಗೆ ಒಂದು ಬೆಳಗ್ಗೆ ಲಾಲ್‌ಬಾಗಿನ ಬಂಡೆಯ ಹತ್ತಿರ ಎದುರಾದ. ಈಗ ಕೆಲಸದಲ್ಲಿದ್ದಾನೆ. ನನ್ನನ್ನು ಕಂಡು ನಿಂತು, ನಮಸ್ಕಾರ ಮಾಡಿ, ಜೇಬು ತಟ್ಟಿ ತೋರಿಸಿದ. "ಇದೆ ಸಾರ್" ಎಂದು ನಕ್ಕು ಬಂಡೆ ಹತ್ತತೊಡಗಿದ.

ವಿದ್ಯಾರ್ಥಿಗಳಿಗೆ ಈ ವಾರದ ಕೆಲಸ: ನಾಳೆ ಬೆಳಗ್ಗೆ ಒಂದು ನಿಮಿಷದ ನಾಡಿ ಎಣಿಸಿ ಬರೆದಿಡಿ. ಮೂರು-ಆರರ ಉಸಿರು ಐದು ನಿಮಿಷ ಮಾಡಿ. ಮತ್ತೆ ಎಣಿಸಿ ಬರೆಯಿರಿ. ಇನ್ನೊಂದು ದಿನ ಯೋಗವಿಲ್ಲದೆ ಐದು ನಿಮಿಷ ಸುಮ್ಮನೆ ಕುಳಿತು, ಹಾಗೆಯೇ ಹಿಂದೆ ಮುಂದೆ ಎಣಿಸಿ. ಹೀಗೆ ದಿನ ಬಿಟ್ಟು ದಿನ, ಎರಡು ವಾರ. ವ್ಯತ್ಯಾಸವಿದೆಯೇ, ಇದ್ದರೆ ಎಷ್ಟು ಎಂದು ನಿಮ್ಮ ಪುಸ್ತಕವೇ ಹೇಳಲಿ. ನಾನು ಹೇಳಿದೆನೆಂದು ನಂಬಬೇಡಿ.